ತಿರುಗುವ ಫಲಕವೋ? ನಿಂತ ಫಲಕವೋ?

ಬೆಂಗಳೂರಿನಿಂದ ಚೆನ್ನೈಗೆ ಹೋಗುವ ಹೆದ್ದಾರಿಯಲ್ಲಿ ಕೋಲಾರ, ಮುಳಬಾಗಿಲುಗಳನ್ನು ದಾಟಿ ಪೂರ್ವಕ್ಕೆ ಸಾಗಿದರೆ, ಕರ್ನಾಟಕದ ಎಲ್ಲೆ ಮುಗಿಯುವುದಕ್ಕೆ ಸ್ವಲ್ಪ ಮೊದಲು ಸಿಗುವ ಊರು ನಂಗಲಿ. ಹೊಯ್ಸಳ ವಿಷ್ಣುವರ್ಧನನ ಕಾಲದ ಶಾಸನಗಳು ಅವನ ರಾಜ್ಯದ ಮೂಡಣ ಮೇರೆಯೆಂದು ಹೆಸರಿಸುವುದು ಈ ನಂಗಲಿಯ ಘಟ್ಟವನ್ನೇ. ಇಂದಿಗೂ ಕರ್ನಾಟಕದ ಅತ್ಯಂತ ಪೂರ್ವದ ನೆಲವಿರುವುದು ಮುಳಬಾಗಿಲು ಸೀಮೆಯಲ್ಲಿಯೇ. ಹೀಗಾಗಿ ಕನ್ನಡ ನಾಡಿನಲ್ಲಿ ಬೆಳಗಿನ ಬಿಸಿಲನ್ನು ಮೊದಲು ಕಾಣುವ ಊರುಗಳನ್ನು ಎಣಿಸಹೊರಟರೆ ನಂಗಲಿಯನ್ನು ಬಿಡುವಂತಿಲ್ಲ.

ಈ ಸೀಮೆಯಲ್ಲಿ ನಿತ್ಯವೂ ಹರಿಯುವ ನದಿಯಿಲ್ಲ; ಕಲ್ಲಿದ್ದಲಿಲ್ಲ; ಹಿಂದೊಮ್ಮೆ ಜಗತ್ತಿಗೇ ಹೆಸರಾಗಿದ್ದ ಕೋಲಾರದ ಚಿನ್ನದ ಗಣಿಗಳು 2001ರಲ್ಲಿ ಬಾಗಿಲು ಮುಚ್ಚಿದುವು. ಬರಿದಾಗದೆ ಉಳಿದಿರುವ ಸಂಪತ್ತೆಂದರೆ ಬಿಸಿಲು. ಆ ಬಿಸಿಲನ್ನು ಹಿಡಿದು ವಿದ್ಯುತ್ತನ್ನಾಗಿ ಮಾಡುವ ನೀಲಿ-ಕಪ್ಪು ಬಣ್ಣದ ಫಲಕಗಳು ಈಗ ಮನೆಯ ತಾರಸಿಯ ಮೇಲೆ, ಶಾಲೆಯ ಮಾಡಿನ ಮೇಲೆ, ಟೊಮೇಟೊ ತೋಟದ ಬದಿಯಲ್ಲಿ ಕಾಣಿಸುತ್ತಿವೆ. ಅವುಗಳಲ್ಲಿ ಹೆಚ್ಚಿನವು ದಕ್ಷಿಣಕ್ಕೆ ಮುಖ ಮಾಡಿ, ವರ್ಷವೆಲ್ಲ ಒಂದೇ ಭಂಗಿಯಲ್ಲಿ ನಿಂತಿರುತ್ತವೆ. ಕೆಲವು ಮಾತ್ರ ಬೆಳಿಗ್ಗೆ ಪೂರ್ವಕ್ಕೆ ಮುಖವಿಟ್ಟು, ಸೂರ್ಯನೊಡನೆ ಮೆಲ್ಲಮೆಲ್ಲನೆ ತಿರುಗಿ, ಸಂಜೆಗೆ ಪಶ್ಚಿಮವನ್ನು ನೋಡುತ್ತವೆ.

ಇವೆರಡರಲ್ಲಿ ಯಾವುದು ಮೇಲು? ಫಲಕ ಹಾಕಿಸಲು ಹೊರಟ ಗೃಹಸ್ಥರಿಗೂ ಕೊಳವೆಬಾವಿಯುಳ್ಳ ರೈತರಿಗೂ ಈ ಪ್ರಶ್ನೆ ಏಳುವುದು ಸಹಜ. ತಿರುಗುವುದೇ ಮೇಲೆಂದು ಮೊದಲ ನೋಟಕ್ಕೆ ಯಾರಿಗಾದರೂ ಅನ್ನಿಸದೆ ಇರದು. ಸೂರ್ಯಕಾಂತಿಯ ಹೂವು ಸಹ ಹಾಗೆಯೇ ಮಾಡುವುದಿಲ್ಲವೆ ಎಂದು ಕೇಳುವವರೂ ಉಂಟು. ಆದರೆ ಸೂರ್ಯಕಾಂತಿಯ ನಿಜ ಸಂಗತಿ ಬೇರೆ. ಎಳೆಯ ಗಿಡವು ಸೂರ್ಯನೊಡನೆ ತಿರುಗುತ್ತದೆ. ಬೆಳೆದು ಹೂವು ಪೂರ್ಣವಾಗಿ ಅರಳಿದ ಮೇಲೆ ತಿರುಗುವುದನ್ನು ಬಿಟ್ಟು ಪೂರ್ವಕ್ಕೆ ಮುಖ ಮಾಡಿ ನಿಂತುಬಿಡುತ್ತದೆ. ತಿರುಗುವುದರಿಂದ ಲಾಭವಿರುವ ಕಾಲವೊಂದು, ನಿಲ್ಲುವುದರಿಂದ ಲಾಭವಿರುವ ಕಾಲವೊಂದು. ಸೌರಫಲಕದ ವಿಷಯದಲ್ಲಿಯೂ ಇದೇ ಮಾತು ಹೊಂದುತ್ತದೆ.

ಸೂರ್ಯನ ದಾರಿ

ಮೊದಲು ನಂಗಲಿಯ ಆಕಾಶದಲ್ಲಿ ಸೂರ್ಯನು ನಡೆಯುವ ದಾರಿಯನ್ನು ತಿಳಿಯಬೇಕು. ಭೂಮಧ್ಯರೇಖೆಯಿಂದ ಉತ್ತರಕ್ಕೆ ಸುಮಾರು 13 ಡಿಗ್ರಿ ದೂರದಲ್ಲಿರುವ ಈ ಊರಿನಲ್ಲಿ ಡಿಸೆಂಬರ್ ತಿಂಗಳ ನಡುಹಗಲಿನ ಸೂರ್ಯನು ದಕ್ಷಿಣಕ್ಕೆ ವಾಲಿ, ದಿಗಂತದಿಂದ ಸುಮಾರು 53 ಡಿಗ್ರಿ ಎತ್ತರದಲ್ಲಿರುತ್ತಾನೆ. ಏಪ್ರಿಲ್ ಕೊನೆಯ ವಾರದಲ್ಲಿ ಒಮ್ಮೆ, ಆಗಸ್ಟ್ ನಡುಭಾಗದಲ್ಲಿ ಇನ್ನೊಮ್ಮೆ ನೆತ್ತಿಯ ಮೇಲೆಯೇ ಬಂದು ನಿಲ್ಲುತ್ತಾನೆ. ಅಂದು ನಡುಹಗಲಿನಲ್ಲಿ ನೆಟ್ಟ ಕಂಬಕ್ಕೆ ನೆರಳೇ ಇರುವುದಿಲ್ಲ. ಜೂನ್ ತಿಂಗಳಲ್ಲಿ ನೆತ್ತಿಯಿಂದ ಹತ್ತು ಡಿಗ್ರಿಯಷ್ಟು ಉತ್ತರಕ್ಕೂ ಸರಿಯುತ್ತಾನೆ. ಒಟ್ಟಿನಲ್ಲಿ ವರ್ಷವೆಲ್ಲ ನಡುಹಗಲಿನ ಸೂರ್ಯನು ನೆತ್ತಿಯಿಂದ ಬಹಳ ದೂರ ಹೋಗುವುದಿಲ್ಲ. ಆದುದರಿಂದಲೇ ಇಲ್ಲಿ ಫಲಕವನ್ನು ದಕ್ಷಿಣಕ್ಕೆ ಹನ್ನೆರಡು-ಹದಿನೈದು ಡಿಗ್ರಿ ಓರೆಯಾಗಿ ಇಟ್ಟರೆ ಸಾಕು. ಋತುವಿಗನುಸಾರವಾಗಿ ಅದರ ಓರೆಯನ್ನು ಬದಲಿಸಿದರೆ ನೂರಕ್ಕೆ ಮೂರು-ನಾಲ್ಕರಷ್ಟು ಲಾಭ ದೊರೆತೀತು, ಅಷ್ಟೆ.

ದೊಡ್ಡ ಬದಲಾವಣೆಯಾಗುವುದು ಋತುವಿನಿಂದ ಋತುವಿಗಲ್ಲ, ಬೆಳಗಿನಿಂದ ಸಂಜೆಗೆ. ಸೂರ್ಯನು ಗಂಟೆಗೆ 15 ಡಿಗ್ರಿಯಂತೆ ಆಕಾಶದಲ್ಲಿ ಸರಿಯುತ್ತಾನೆ. ಹಗಲು-ರಾತ್ರಿಗಳು ಸಮನಾಗಿರುವ ದಿನ, ಮಲಗಿಸಿದ ಫಲಕದ ಮೇಲೆ ಬೆಳಗಿನ ಎಂಟು ಗಂಟೆಗೆ ಬಿಸಿಲು 60 ಡಿಗ್ರಿ ಓರೆಯಾಗಿ ಬೀಳುತ್ತದೆ. ಹೀಗೆ ಬಿದ್ದಾಗ ಫಲಕವು ಹಿಡಿಯುವುದು ನೇರವಾಗಿ ಬೀಳುವ ಬಿಸಿಲಿನ ಅರ್ಧವನ್ನು ಮಾತ್ರ. ಏಳು ಗಂಟೆಗಾದರೆ ಕಾಲು ಭಾಗ. ಮಳೆಯಲ್ಲಿ ಪಾತ್ರೆಯನ್ನು ನೆಟ್ಟಗೆ ಹಿಡಿದರೆ ಬಾಯಿ ತುಂಬ ನೀರು ಬೀಳುವುದೂ, ಓರೆಯಾಗಿ ಹಿಡಿದರೆ ಅಷ್ಟು ಬೀಳದಿರುವುದೂ ಎಲ್ಲರೂ ಕಂಡದ್ದೇ. ಬಿಸಿಲಿಗೂ ಇದೇ ನಿಯಮ.

ಬರಿಯ ರೇಖಾಗಣಿತದ ಲೆಕ್ಕದಂತೆ, ಅಂಥ ದಿನ ಸೂರ್ಯನೊಡನೆ ತಿರುಗುವ ಫಲಕವು ಮಲಗಿಸಿದ ಫಲಕಕ್ಕಿಂತ ನೂರಕ್ಕೆ 57ರಷ್ಟು ಹೆಚ್ಚು ಬಿಸಿಲನ್ನು ಹಿಡಿಯಬೇಕು. ಈ ಸಂಖ್ಯೆಯನ್ನು ನೋಡಿದವರು ತಿರುಗುವ ಫಲಕಕ್ಕೆ ಮನಸೋಲುವುದರಲ್ಲಿ ಆಶ್ಚರ್ಯವಿಲ್ಲ. ಆದರೆ ಭೂಮಿಯ ಸುತ್ತ ಗಾಳಿಯಿದೆ. ಬೆಳಿಗ್ಗೆ ಸಂಜೆಗಳಲ್ಲಿ ಬಿಸಿಲು ಆ ಗಾಳಿಯ ಪದರವನ್ನು ಓರೆಯಾಗಿ ಸೀಳಿಕೊಂಡು ಬರಬೇಕು. ಎಂಟು ಗಂಟೆಯ ಬಿಸಿಲು ನೆತ್ತಿಯ ಬಿಸಿಲಿಗಿಂತ ಎರಡರಷ್ಟು ಗಾಳಿಯನ್ನು ದಾಟುತ್ತದೆ. ಏಳು ಗಂಟೆಯದು ಹೆಚ್ಚುಕಡಿಮೆ ನಾಲ್ಕರಷ್ಟನ್ನು. ಧೂಳು, ಹೊಗೆ, ಮಂಜು ಇವೆಲ್ಲ ದಾರಿಯಲ್ಲಿಯೇ ಅದರ ಪಾಲನ್ನು ಕಸಿದುಕೊಳ್ಳುತ್ತವೆ. ಮೋಡ ಕವಿದ ದಿನವಂತೂ ಬೆಳಕು ಒಂದು ದಿಕ್ಕಿನಿಂದ ಬಾರದೆ ಇಡೀ ಆಕಾಶದಿಂದ ಹರಡಿ ಬರುವುದರಿಂದ, ಯಾವ ಕಡೆಗೆ ತಿರುಗಿದರೂ ಬಂದ ಭಾಗ್ಯ ಅಷ್ಟೇ. ಕೋಲಾರದ ಸೀಮೆಗೆ ಮುಂಗಾರಿನ ಮೋಡವೂ ಉಂಟು, ಹಿಂಗಾರಿನ ಮೋಡವೂ ಉಂಟು.

ಇವೆಲ್ಲವನ್ನೂ ಕಳೆದರೆ ಉಳಿಯುವ ಲಾಭವೆಷ್ಟು? ಪೂರ್ವ-ಪಶ್ಚಿಮವಾಗಿ ಒಂದೇ ಅಚ್ಚಿನ ಮೇಲೆ ತಿರುಗುವ ಫಲಕವು ಈ ದೇಶದ ಬಿಸಿಲಿನಲ್ಲಿ, ಒಂದು ವರ್ಷದ ಸರಾಸರಿಗೆ, ನಿಂತ ಫಲಕಕ್ಕಿಂತ ನೂರಕ್ಕೆ 15ರಿಂದ 20ರವರೆಗೆ ಹೆಚ್ಚು ವಿದ್ಯುತ್ತನ್ನು ಕೊಡುತ್ತದೆ. ಎರಡು ಅಚ್ಚುಗಳ ಮೇಲೆ, ಋತುವನ್ನೂ ಅನುಸರಿಸಿ ತಿರುಗುವಂಥದು ಅದರ ಮೇಲೆ ಇನ್ನು ಕೆಲವು ಭಾಗವನ್ನು ಕೂಡಿಸುತ್ತದೆ. ಮರುಭೂಮಿಯ ನಿರ್ಮಲ ಆಕಾಶದ ಕೆಳಗೆ ಲಾಭ ಹೆಚ್ಚು. ಮೋಡದ ನಾಡಿನಲ್ಲಿ ಕಡಿಮೆ. ಐವತ್ತೇಳು ಎಂದು ಆಸೆ ತೋರಿಸಿದ ಲೆಕ್ಕ ಹದಿನೇಳರ ಆಸುಪಾಸಿಗೆ ಇಳಿದ ಬಗೆ ಇದು.

ಹದಿನೇಳು ಸಹ ಸಣ್ಣ ಸಂಖ್ಯೆಯೇನಲ್ಲ. ಆದರೆ ಅದನ್ನು ಪಡೆಯಲು ತೆರುವ ಬೆಲೆ ಎಷ್ಟು ಎಂಬುದನ್ನು ನೋಡದೆ ತೀರ್ಪು ಕೊಡುವಂತಿಲ್ಲ.

ಬೆಲೆ ತಿರುಗಿದ ಕಥೆ

ಸೂರ್ಯನನ್ನು ಅನುಸರಿಸುವ ಯಂತ್ರ ಹೊಸತಲ್ಲ. ಅಮೆರಿಕದ ಫ್ರ್ಯಾಂಕ್ ಶುಮನ್ ಎಂಬಾತನು 1913ರಲ್ಲಿಯೇ ಈಜಿಪ್ಟಿನ ಕೈರೋ ಬಳಿಯ ಮಾದಿಯಲ್ಲಿ ಐದು ಉದ್ದನೆಯ ಕನ್ನಡಿ ತೊಟ್ಟಿಗಳನ್ನು ನಿಲ್ಲಿಸಿದನು. ಪ್ರತಿಯೊಂದರ ಉದ್ದ 60 ಮೀಟರಿಗೂ ಮಿಗಿಲು. ಅವು ಸೂರ್ಯನೊಡನೆ ತಿರುಗುತ್ತ, ಬಿಸಿಲನ್ನು ಒಂದು ಕೊಳವೆಯ ಮೇಲೆ ಕೂಡಿಸಿ, ನೀರನ್ನು ಹಬೆಯಾಗಿಸಿ, ನೈಲ್ ನದಿಯಿಂದ ನಿಮಿಷಕ್ಕೆ ಸುಮಾರು 6,000 ಗ್ಯಾಲನ್ ನೀರನ್ನು ಹೊಲಗಳಿಗೆ ಎತ್ತಬಲ್ಲವಾಗಿದ್ದುವು. ಮರುವರ್ಷ ಮೊದಲನೆಯ ಮಹಾಯುದ್ಧ ಆರಂಭವಾಗಿ ಆ ಸಾಹಸ ನಿಂತುಹೋಯಿತು. ಬೇಸಾಯದ ನೀರಿಗೂ ಸೂರ್ಯನನ್ನು ಅನುಸರಿಸುವ ಯಂತ್ರಕ್ಕೂ ನಂಟು ಬೆಳೆದದ್ದು ಹೀಗೆ, ನೂರು ವರ್ಷಗಳಿಗೂ ಹಿಂದೆ. ಕನ್ನಡಿಯಿಂದ ಬಿಸಿಲನ್ನು ಒಂದೆಡೆ ಕೂಡಿಸಬೇಕಾದರೆ ತಿರುಗದೆ ಗತ್ಯಂತರವಿಲ್ಲ. ಸಾಧಾರಣ ಚಪ್ಪಟೆ ಫಲಕಕ್ಕೆ ಆ ನಿರ್ಬಂಧವಿಲ್ಲ ಎಂಬುದನ್ನು ಇಲ್ಲಿ ನೆನಪಿಡಬೇಕು.

ಚಪ್ಪಟೆ ಫಲಕಕ್ಕೆ ಮೂಲವಾದ ಸಿಲಿಕಾನ್ ಸೌರಕೋಶವನ್ನು ಅಮೆರಿಕದ ಬೆಲ್ ಪ್ರಯೋಗಶಾಲೆಯವರು 1954ರ ಏಪ್ರಿಲ್ ತಿಂಗಳಲ್ಲಿ ಲೋಕಕ್ಕೆ ತೋರಿಸಿದರು. ಬಿದ್ದ ಬಿಸಿಲಿನಲ್ಲಿ ನೂರಕ್ಕೆ ಆರು ಭಾಗವನ್ನು ಅದು ವಿದ್ಯುತ್ತಾಗಿ ಮಾಡುತ್ತಿತ್ತು. ಇಂದಿನ ಒಳ್ಳೆಯ ಫಲಕ ನೂರಕ್ಕೆ ಇಪ್ಪತ್ತಕ್ಕಿಂತ ಹೆಚ್ಚನ್ನು ಮಾಡುತ್ತದೆ. ಆ ಕಾಲದ ಕೋಶಗಳು ಚಿನ್ನದಂತೆ ದುಬಾರಿ. 1982ರಲ್ಲಿ ಕ್ಯಾಲಿಫೋರ್ನಿಯಾದ ಹೆಸ್ಪೀರಿಯಾದಲ್ಲಿ ಜಗತ್ತಿನ ಮೊದಲ ಒಂದು ಮೆಗಾವಾಟ್ ಸೌರ ಸ್ಥಾವರವನ್ನು ಕಟ್ಟಿದಾಗ, ಫಲಕಗಳನ್ನೆಲ್ಲ ಎರಡು ಅಚ್ಚುಗಳ ಮೇಲೆ ತಿರುಗುವ 108 ಚೌಕಟ್ಟುಗಳಲ್ಲಿ ಇಟ್ಟರು. ಅಂದಿಗೆ ಅದು ಸರಿಯಾದ ಲೆಕ್ಕವೇ. ಫಲಕ ದುಬಾರಿಯಾಗಿದ್ದಾಗ ಒಂದೊಂದು ಫಲಕದಿಂದಲೂ ಆದಷ್ಟು ಹಿಂಡಿಕೊಳ್ಳುವುದೇ ಜಾಣತನ. ಅದಕ್ಕಾಗಿ ಕಬ್ಬಿಣಕ್ಕೂ ಮೋಟಾರಿಗೂ ಹಣ ಸುರಿಯುವುದು ಕಷ್ಟವೆನಿಸಲಿಲ್ಲ.

ಅಲ್ಲಿಂದೀಚೆಗೆ ತಕ್ಕಡಿ ಮಗುಚಿಕೊಂಡಿತು. ಭಾರತದಲ್ಲಿ ಒಂದು ಮೆಗಾವಾಟ್ ಸೌರ ಸ್ಥಾವರದ ವೆಚ್ಚವನ್ನು ಕೇಂದ್ರ ವಿದ್ಯುತ್ ನಿಯಂತ್ರಣ ಆಯೋಗವು 2009-10ರಲ್ಲಿ 17 ಕೋಟಿ ರೂಪಾಯಿಗಳೆಂದು ಗೊತ್ತುಮಾಡಿತ್ತು. 2016-17ರ ಹೊತ್ತಿಗೆ ಅದು ಸುಮಾರು ಐದೂಕಾಲು ಕೋಟಿಗೆ ಇಳಿದಿತ್ತು. ಇಳಿದದ್ದರಲ್ಲಿ ದೊಡ್ಡ ಪಾಲು ಫಲಕದ್ದು. ಕಬ್ಬಿಣ, ಸಿಮೆಂಟು, ಕೂಲಿ, ಭೂಮಿ ಇವುಗಳ ಬೆಲೆ ಆ ರೀತಿ ಇಳಿಯುವ ಜಾತಿಯಲ್ಲ. ಹಿಂದೆ ಫಲಕವನ್ನು ಉಳಿಸಲು ಯಂತ್ರವನ್ನು ಹಾಕುತ್ತಿದ್ದರು. ಈಗ ಯಂತ್ರವನ್ನು ಉಳಿಸಲು ಇನ್ನೊಂದು ಫಲಕವನ್ನು ಹಾಕಿದರಾಯಿತು ಎನ್ನುವ ಕಾಲ ಬಂದಿದೆ. ಎಂದರೆ ಈ ಪ್ರಶ್ನೆಗೆ ಸದಾಕಾಲಕ್ಕೂ ಒಂದೇ ಉತ್ತರವಿಲ್ಲ. ಯಾವುದು ದುಬಾರಿಯೋ ಅದನ್ನು ಉಳಿಸಬೇಕೆಂಬುದೊಂದೇ ಸೂತ್ರ.

ಕೋಲಾರದ ಅನುಭವ

ವಿದ್ಯುತ್ತಿನ ಚರಿತ್ರೆಯಲ್ಲಿ ಕೋಲಾರ ಜಿಲ್ಲೆಗೆ ಎರಡು ಬಾರಿ ಮೊದಲ ಸಾಲಿನ ಸ್ಥಾನ ದೊರೆತಿದೆ. 1902ರ ಜೂನ್ 30ರಂದು ಶಿವನಸಮುದ್ರದ ಕಾವೇರಿಯಿಂದ ಹುಟ್ಟಿದ ವಿದ್ಯುತ್ತು 92 ಮೈಲಿಗಳ ತಂತಿಯ ಮೇಲೆ ಹರಿದು ಬಂದದ್ದು ಇಲ್ಲಿನ ಚಿನ್ನದ ಗಣಿಗಳಿಗೆ. ನೂರು ವರ್ಷಗಳಿಗೂ ಮಿಕ್ಕ ಮೇಲೆ, 2009-10ರಲ್ಲಿ, ಕರ್ನಾಟಕ ವಿದ್ಯುತ್ ನಿಗಮವು ಇದೇ ಜಿಲ್ಲೆಯ ಯಳೇಸಂದ್ರದಲ್ಲಿ 3 ಮೆಗಾವಾಟ್ ಸಾಮರ್ಥ್ಯದ ಸೌರ ಸ್ಥಾವರವನ್ನು ಆರಂಭಿಸಿತು. ವಿದ್ಯುತ್ ಜಾಲಕ್ಕೆ ಸೇರಿಸಿದ ಈ ಗಾತ್ರದ ಸ್ಥಾವರಗಳಲ್ಲಿ ದೇಶಕ್ಕೇ ಮೊದಲಿನವುಗಳ ಪೈಕಿ ಅದೂ ಒಂದು. ಸುತ್ತಲಿನ ಹಳ್ಳಿಗಳ ನೀರಾವರಿ ಪಂಪುಗಳಿಗೆ ಹಗಲಿನಲ್ಲಿ ವಿದ್ಯುತ್ ಒದಗಿಸುವುದು ಅದರ ಮುಖ್ಯ ಉದ್ದೇಶ.

ಯಳೇಸಂದ್ರದ ಫಲಕಗಳು ತಿರುಗುವುದಿಲ್ಲ. ದಕ್ಷಿಣಕ್ಕೆ ಮುಖ ಮಾಡಿ ನಿಂತಲ್ಲಿಯೇ ನಿಂತಿವೆ. 2010, 2011ರ ಎರಡು ವರ್ಷಗಳಲ್ಲಿ ವರ್ಷಕ್ಕೆ ಸುಮಾರು 33 ಲಕ್ಷ ಯೂನಿಟ್ ವಿದ್ಯುತ್ ಅಲ್ಲಿ ಉತ್ಪನ್ನವಾಯಿತು. ಲೆಕ್ಕ ಹಾಕಿದರೆ ಒಂದು ಕಿಲೋವಾಟಿಗೆ ದಿನವೊಂದಕ್ಕೆ ಮೂರು ಯೂನಿಟ್. ಈ ಭಾಗದ ಬಿಸಿಲಿಗೆ ಒಳ್ಳೆಯ ಫಲಕದಿಂದ ಸುಮಾರು ನಾಲ್ಕು ಯೂನಿಟ್ ನಿರೀಕ್ಷಿಸುವುದುಂಟು. ಯಾವುದೇ ಸ್ಥಾವರದಲ್ಲಿ ನಿರೀಕ್ಷೆಗೂ ಫಲಕ್ಕೂ ನಡುವೆ ಇಂಥ ಅಂತರ ಉಂಟಾಗಲು ಕಾರಣಗಳು ಹಲವು. ಹೊರಗಿನ ವಿದ್ಯುತ್ ಜಾಲ ಕೈಕೊಟ್ಟಾಗ ಸ್ಥಾವರವೂ ನಿಲ್ಲಬೇಕಾಗುತ್ತದೆ. ಇನ್ವರ್ಟರ್ ಕೆಟ್ಟರೆ ಬಿಸಿಲಿದ್ದೂ ವ್ಯರ್ಥ. ಫಲಕ ಕಾದಂತೆ, 25 ಡಿಗ್ರಿಗಿಂತ ಮೇಲಿನ ಪ್ರತಿಯೊಂದು ಡಿಗ್ರಿಗೂ, ಉತ್ಪತ್ತಿಯಲ್ಲಿ ನೂರಕ್ಕೆ ಅರ್ಧಕ್ಕೆ ಸಮೀಪದಷ್ಟು ಇಳಿತಾಯವಾಗುತ್ತದೆ. ಎಲ್ಲಕ್ಕೂ ಮಿಗಿಲಾಗಿ ಧೂಳು.

ಇಲ್ಲಿ ಒಂದು ಸಣ್ಣ ಲೆಕ್ಕವನ್ನು ಗಮನಿಸಬೇಕು. ತಿರುಗುವ ಫಲಕ ನಿಂತ ಫಲಕಕ್ಕಿಂತ ದಿನಕ್ಕೆ ನೂರಕ್ಕೆ ಹದಿನೇಳರಷ್ಟು ಹೆಚ್ಚು ಕೊಡುತ್ತದೆ ಎಂದಿಟ್ಟುಕೊಳ್ಳೋಣ. ಅದರ ಮೋಟಾರೋ ಗೇರೋ ಕೆಟ್ಟು, ರಿಪೇರಿಗಾಗಿ ಒಂದು ದಿನ ಉತ್ಪಾದನೆ ಪೂರ್ತಿ ನಿಂತರೆ, ಹೆಚ್ಚುಕಡಿಮೆ ಒಂದು ವಾರ ಗಳಿಸಿದ ಲಾಭವೆಲ್ಲ ಆ ಒಂದು ದಿನಕ್ಕೆ ಸರಿಹೋಗುತ್ತದೆ. ತಿಂಗಳಿಗೆ ನಾಲ್ಕು ದಿನ ಹಾಗೆ ನಿಂತರೆ ತಿರುಗಿಸಿದ್ದೂ ಒಂದೇ, ತಿರುಗಿಸದೆ ಬಿಟ್ಟದ್ದೂ ಒಂದೇ. ನಿಂತ ಫಲಕದಲ್ಲಿ ಚಲಿಸುವ ಭಾಗವೇ ಇಲ್ಲ; ಕೆಡುವುದಕ್ಕೆ ಅಲ್ಲಿ ಅಷ್ಟು ಅವಕಾಶವಿಲ್ಲ. ಕರೆದೊಡನೆ ಬರುವ ಮೆಕ್ಯಾನಿಕ್ಕು, ಸಿದ್ಧವಾಗಿರುವ ಬಿಡಿಭಾಗ, ದಿನವೂ ನೋಡಿಕೊಳ್ಳುವ ಆಳು, ಈ ಮೂರೂ ಇದ್ದಲ್ಲಿ ಮಾತ್ರ ತಿರುಗುವ ಫಲಕ ತನ್ನ ಹದಿನೇಳನ್ನು ಪ್ರಾಮಾಣಿಕವಾಗಿ ಒಪ್ಪಿಸುತ್ತದೆ.

ತಾರಸಿಯ ಲೆಕ್ಕ

ಈಗ ಮನೆಯ ವಿಚಾರಕ್ಕೆ ಬರೋಣ. ಮೂರು ಕಿಲೋವಾಟ್ ಫಲಕಗಳನ್ನು ತಾರಸಿಯ ಮೇಲೆ ಹಾಕಿಸುವ ಸಂಸಾರವೊಂದನ್ನು ಊಹಿಸಬಹುದು. 2024ರಲ್ಲಿ ಕೇಂದ್ರ ಸರ್ಕಾರ ಆರಂಭಿಸಿದ ಪ್ರಧಾನಮಂತ್ರಿ ಸೂರ್ಯಘರ್ ಯೋಜನೆಯಲ್ಲಿ ಈ ಗಾತ್ರಕ್ಕೆ 78,000 ರೂಪಾಯಿಗಳ ಸಹಾಯಧನವಿದೆ. ದಿನಕ್ಕೆ ಸರಾಸರಿ ಹನ್ನೆರಡು ಯೂನಿಟ್ ಹುಟ್ಟಬಹುದು. ಇದೇ ಮೂರು ಕಿಲೋವಾಟನ್ನು ತಿರುಗುವಂತೆ ಮಾಡಿದರೆ ದಿನಕ್ಕೆ ಹದಿನಾಲ್ಕು ಯೂನಿಟ್ ಆದೀತು. ಎರಡು ಯೂನಿಟ್ ಹೆಚ್ಚು.

ಆ ಎರಡು ಯೂನಿಟ್ಟುಗಳನ್ನು ಪಡೆಯಲು ಇನ್ನೊಂದು ದಾರಿಯೂ ಇದೆ. ಈಗಿನ ದೊಡ್ಡ ಫಲಕವೊಂದರ ಸಾಮರ್ಥ್ಯ 540-550 ವಾಟ್. ವಿಸ್ತೀರ್ಣ ಸುಮಾರು 28 ಚದರಡಿ. ಅಂಥ ಒಂದೇ ಒಂದು ಫಲಕವನ್ನು ಹೆಚ್ಚಾಗಿ ಹಾಕಿದರೆ ದಿನಕ್ಕೆ ಎರಡು ಯೂನಿಟ್ ಬಂದೇ ಬರುತ್ತದೆ. ಒಂದು ಹೆಚ್ಚಿನ ಫಲಕದ ಎದುರಿಗೆ, ಗಾಳಿಗೆ ಅಲುಗದ ಕಂಬ, ತಾರಸಿಯನ್ನು ಕೊರೆದು ಹಾಕುವ ಬುನಾದಿ, ಮೋಟಾರು, ನಿಯಂತ್ರಕ, ವರ್ಷವರ್ಷದ ಎಣ್ಣೆ-ಗ್ರೀಸು ಇವನ್ನೆಲ್ಲ ಇಟ್ಟು ತೂಗಿದರೆ ಯಾವುದು ಹಗುರವೆಂಬುದನ್ನು ಹೇಳಬೇಕಾಗಿಲ್ಲ. ಮೇಲಾಗಿ ತಿರುಗುವ ಫಲಕಗಳು ಬೆಳಿಗ್ಗೆ ಸಂಜೆ ನೆಟ್ಟಗೆ ನಿಂತು ಒಂದರ ನೆರಳನ್ನು ಇನ್ನೊಂದರ ಮೇಲೆ ಕೆಡವುವುದರಿಂದ ಅವುಗಳ ನಡುವೆ ಹೆಚ್ಚು ಜಾಗ ಬಿಡಬೇಕು. ಬಟ್ಟೆ ಒಣಹಾಕಲು, ಹಪ್ಪಳ-ಸಂಡಿಗೆ ಇಡಲು, ನೀರಿನ ತೊಟ್ಟಿಗೆ, ಹೀಗೆ ತಾರಸಿಗೆ ಬೇರೆ ಕೆಲಸಗಳೂ ಇರುತ್ತವೆ. ಮನೆಗೆ ನಿಂತ ಫಲಕವೇ ಸರಿ ಎಂದು ನಿಸ್ಸಂದೇಹವಾಗಿ ಹೇಳಬಹುದು.

ತಮ್ಮ ಮನೆಯ ಮಾಡು ದಕ್ಷಿಣಕ್ಕಿಲ್ಲದೆ ಪೂರ್ವ-ಪಶ್ಚಿಮವಾಗಿದೆಯೆಂದು ಚಿಂತಿಸುವವರಿಗೂ ಸಮಾಧಾನದ ಮಾತೊಂದಿದೆ. ಸೂರ್ಯನು ನೆತ್ತಿಯ ಸಮೀಪದಲ್ಲಿಯೇ ಸಂಚರಿಸುವ ಈ ಅಕ್ಷಾಂಶದಲ್ಲಿ, ಹತ್ತು ಡಿಗ್ರಿ ಇಳಿಜಾರಿನ ಫಲಕಗಳಲ್ಲಿ ಅರ್ಧವನ್ನು ಪೂರ್ವಕ್ಕೂ ಅರ್ಧವನ್ನು ಪಶ್ಚಿಮಕ್ಕೂ ಇಟ್ಟರೆ ನಷ್ಟವಾಗುವುದು ನೂರಕ್ಕೆ ಕೆಲವೇ ಭಾಗ. ಬೆಳಗಿನ ಅಡಿಗೆಯ ಹೊತ್ತಿಗೂ ಸಂಜೆಯ ಹೊತ್ತಿಗೂ ಒಂದಿಷ್ಟು ಹೆಚ್ಚು ವಿದ್ಯುತ್ ದೊರೆಯುವುದು ಅದರ ಪ್ರತಿಫಲ. ಮನೆಯವರು ಕಾಳಜಿ ವಹಿಸಬೇಕಾದದ್ದು ದಿಕ್ಕಿಗಿಂತ ನೆರಳಿಗೆ ಮತ್ತು ಧೂಳಿಗೆ. ಪಕ್ಕದ ತೆಂಗಿನ ಗರಿಯ ನೆರಳು ಒಂದು ಮೂಲೆಯ ಮೇಲೆ ಬಿದ್ದರೂ ಇಡೀ ಸಾಲಿನ ಉತ್ಪತ್ತಿ ಕುಗ್ಗಬಹುದು. ಹತ್ತು-ಹದಿನೈದು ದಿನಕ್ಕೊಮ್ಮೆ ಬೆಳಗಿನ ತಂಪಿನಲ್ಲಿ ಮೃದುವಾದ ಬಟ್ಟೆಯಿಂದ ಒರೆಸುವ ಕೈ ಯಾವ ಮೋಟಾರಿಗೂ ಕಡಿಮೆಯಲ್ಲ. ಕೊಳವೆಬಾವಿಯ ಗಡಸು ನೀರನ್ನು ಕಾದ ಗಾಜಿನ ಮೇಲೆ ಸುರಿದು ಒಣಗಲು ಬಿಟ್ಟರೆ ಮಾತ್ರ ಬಿಳಿಯ ಕಲೆ ನಿಂತು ಇನ್ನೊಂದು ತೊಂದರೆಯಾಗುತ್ತದೆ.

ತೋಟದ ಲೆಕ್ಕ

ತೋಟದ ಪಂಪಿನ ಲೆಕ್ಕ ಬೇರೆ. ಮನೆಗೆ ಬೇಕಾದದ್ದು ದಿನದ ಒಟ್ಟು ಯೂನಿಟ್. ಪಂಪಿಗೆ ಬೇಕಾದದ್ದು ಗಂಟೆಗಳು. ಆಳವಾದ ಕೊಳವೆಬಾವಿಯೊಳಗಿನ ಪಂಪು ಒಂದು ಮಿತಿಯಷ್ಟು ಶಕ್ತಿ ದೊರೆಯುವವರೆಗೆ ಸುತ್ತಿದರೂ ನೀರನ್ನು ಮೇಲಕ್ಕೆ ತಾರದು. ನಿಂತ ಫಲಕದಿಂದ ಆ ಮಿತಿ ಒದಗುವ ಹೊತ್ತಿಗೆ ಬಿಸಿಲು ಸಾಕಷ್ಟು ಏರಿರುತ್ತದೆ. ಮಧ್ಯಾಹ್ನ ಇಳಿಯುತ್ತಲೇ ಮತ್ತೆ ನಿಲ್ಲುತ್ತದೆ. ಸೂರ್ಯನ ಕಡೆಗೆ ತಿರುಗಿದ ಫಲಕವಾದರೆ ಬೆಳಿಗ್ಗೆ ಬೇಗ ಪಂಪನ್ನು ಎಬ್ಬಿಸುತ್ತದೆ, ಸಂಜೆ ತಡವಾಗಿ ಮಲಗಿಸುತ್ತದೆ. ಆದುದರಿಂದ ತಿರುಗಿಸುವುದರ ಬೆಲೆ ತಾರಸಿಗಿಂತ ತೋಟದಲ್ಲಿ ಹೆಚ್ಚು.

ಹಾಗೆಂದು ಯಂತ್ರವೇ ಬೇಕೆಂದಿಲ್ಲ. ಕೇಂದ್ರ ನವೀಕರಿಸಬಹುದಾದ ಇಂಧನ ಸಚಿವಾಲಯವು ಸೌರ ಪಂಪುಗಳಿಗಾಗಿ ಹೊರಡಿಸಿದ ವಿವರಪಟ್ಟಿಯಲ್ಲಿಯೇ, ದಿನಕ್ಕೆ ಮೂರು ಬಾರಿ ಫಲಕವನ್ನು ಕೈಯಿಂದ ತಿರುಗಿಸುವ ಏರ್ಪಾಟಿಗೆ ಸ್ಥಾನವಿದೆ. ಬೆಳಿಗ್ಗೆ ಪೂರ್ವಕ್ಕೆ 45 ಡಿಗ್ರಿ, ಹತ್ತೂವರೆಯ ಹೊತ್ತಿಗೆ ಸಮತಲಕ್ಕೆ, ಒಂದೂವರೆಯ ಹೊತ್ತಿಗೆ ಪಶ್ಚಿಮಕ್ಕೆ 45 ಡಿಗ್ರಿ. ಇಷ್ಟು ಮಾಡಿದರೆ, ಹಗಲು-ರಾತ್ರಿ ಸಮನಾದ ದಿನಗಳಲ್ಲಿ, ಏಳೂವರೆಯಿಂದ ನಾಲ್ಕೂವರೆಯವರೆಗೆ ಸೂರ್ಯನಿಗೂ ಫಲಕದ ಮುಖಕ್ಕೂ ಇಪ್ಪತ್ತೆರಡೂವರೆ ಡಿಗ್ರಿಗಿಂತ ಹೆಚ್ಚಿನ ಓರೆ ಬೀಳುವುದಿಲ್ಲ. ನೇರ ಬಿಸಿಲಿನ ನೂರರಲ್ಲಿ ತೊಂಬತ್ತೆರಡು ಭಾಗಕ್ಕಿಂತ ಕಡಿಮೆ ಎಂದೂ ದೊರೆಯುವುದಿಲ್ಲ. ನಿಮಿಷನಿಮಿಷಕ್ಕೂ ಸೂರ್ಯನನ್ನು ಅನುಸರಿಸುವ ಯಂತ್ರದ ಲಾಭದಲ್ಲಿ ದೊಡ್ಡ ಪಾಲು ಮೂರು ಬಾರಿಯ ಕೈಕೆಲಸದಿಂದಲೇ ಬರುವುದು ಹೀಗೆ. ಹೇಗೂ ಬದುಗಳನ್ನು ನೋಡಲು ತೋಟಕ್ಕೆ ಹೋಗುವ ರೈತನಿಗೆ ಇದು ಭಾರವಾಗದು. ಚೌಕಟ್ಟಿನ ಕೊಂಡಿಯನ್ನು ಪ್ರತಿ ಬಾರಿಯೂ ಬಿಗಿಯಾಗಿ ಸಿಕ್ಕಿಸಬೇಕು. ಗಾಳಿ ಎದ್ದರೆ ಫಲಕವನ್ನು ಮಲಗಿಸಬೇಕು. ಇವೆರಡನ್ನು ಮರೆತರೆ ಲಾಭವೆಲ್ಲ ಒಂದು ಬಿರುಗಾಳಿಗೆ ತೂರಿಹೋಗುತ್ತದೆ.

ನೂರಾರು ಎಕರೆಯ ದೊಡ್ಡ ಸ್ಥಾವರಗಳ ವಿಷಯ ಮತ್ತೊಂದು ಬಗೆಯದು. ಒಂದೇ ಮೋಟಾರು ಹತ್ತಾರು ಫಲಕಗಳ ಉದ್ದನೆಯ ಸಾಲನ್ನು ತಿರುಗಿಸುವುದರಿಂದ ಫಲಕವೊಂದಕ್ಕೆ ಬೀಳುವ ವೆಚ್ಚ ಕಡಿಮೆ. ನೋಡಿಕೊಳ್ಳಲು ಇಂಜಿನಿಯರುಗಳಿರುತ್ತಾರೆ. ಸಂಜೆಯ ಹೊತ್ತಿಗೆ ಬೇಡಿಕೆ ಏರುವಾಗ ವಿದ್ಯುತ್ತಿಗೆ ಬೆಲೆಯೂ ಹೆಚ್ಚು. ಆದ್ದರಿಂದ ಅಮೆರಿಕದಲ್ಲಿ ಈಚಿನ ವರ್ಷಗಳಲ್ಲಿ ಕಟ್ಟಿದ ದೊಡ್ಡ ಸೌರ ಸ್ಥಾವರಗಳಲ್ಲಿ ಬಹುತೇಕ ಎಲ್ಲವೂ ಒಂದು ಅಚ್ಚಿನ ಮೇಲೆ ತಿರುಗುವಂಥವು. ಭಾರತದಲ್ಲಿ ನಿಂತ ಫಲಕಗಳೇ ಬಹುಕಾಲ ಮೇಲುಗೈ ಪಡೆದಿದ್ದುವು. ತಿರುಗುವವು ಈಗ ಹೆಚ್ಚುತ್ತಿವೆ. ಆದರೆ ನೆರಳು ತಪ್ಪಿಸಲು ಸಾಲುಗಳನ್ನು ದೂರದೂರ ಇಡಬೇಕಾದುದರಿಂದ ಅವಕ್ಕೆ ಭೂಮಿ ಹೆಚ್ಚು ಬೇಕು. ತುಮಕೂರು ಜಿಲ್ಲೆಯ ಪಾವಗಡದ 2,050 ಮೆಗಾವಾಟಿನ ಸೌರ ಉದ್ಯಾನಕ್ಕೆ ರೈತರಿಂದ ಗುತ್ತಿಗೆಗೆ ಪಡೆದ ಭೂಮಿ ಸುಮಾರು 13,000 ಎಕರೆ ಎಂಬುದನ್ನು ನೆನೆದರೆ, ಭೂಮಿಯ ಮಾತು ಹಗುರವಾದದ್ದಲ್ಲವೆಂದು ತಿಳಿಯುತ್ತದೆ. ಬಂಜರು ನೆಲದಲ್ಲಿ ಒಂದು ಎಕರೆ ಹೆಚ್ಚಾದರೆ ಚಿಂತೆಯಿಲ್ಲ; ಮೂರು ಬೆಳೆ ತೆಗೆಯುವ ಟೊಮೇಟೊ ನೆಲದಲ್ಲಿ ಅದೇ ಎಕರೆ ಬೇರೆ ಬೆಲೆಯದು.

ಬಾವಿಯ ಪಾಲು

ಇಷ್ಟಕ್ಕೆ ಲೆಕ್ಕ ಮುಗಿಯಿತೆಂದು ಎದ್ದುಹೋಗುವಂತಿಲ್ಲ. ಯಾವುದು ದುಬಾರಿಯೋ ಅದನ್ನು ಉಳಿಸಬೇಕೆಂಬ ಸೂತ್ರವನ್ನು ನಂಗಲಿಯ ಸೀಮೆಗೆ ಹಚ್ಚಿ ನೋಡಿದರೆ, ಇಲ್ಲಿ ಎಲ್ಲಕ್ಕಿಂತ ದುಬಾರಿಯಾದದ್ದು ಫಲಕವೂ ಅಲ್ಲ, ಕಬ್ಬಿಣವೂ ಅಲ್ಲ, ನೀರು. ಕೋಲಾರ ಜಿಲ್ಲೆಯ ಅಂತರ್ಜಲವನ್ನು ಮಿತಿಮೀರಿ ಬಳಸಲಾಗಿದೆಯೆಂದು ಸರ್ಕಾರದ ಸಮೀಕ್ಷೆಗಳು ಬಹುವರ್ಷಗಳಿಂದ ಹೇಳುತ್ತ ಬಂದಿವೆ. ಸಾವಿರ ಅಡಿ ದಾಟಿದ ಕೊಳವೆಬಾವಿ ಇಲ್ಲಿ ಅಪರೂಪವಲ್ಲ.

ಸಾವಿರ ಅಡಿಯ ಆಳದಿಂದ ಸಾವಿರ ಲೀಟರ್ ನೀರನ್ನು ಎತ್ತಲು, ಪಂಪಿನಲ್ಲಿ ಸೋರುವ ಶಕ್ತಿಯನ್ನೂ ಸೇರಿಸಿದರೆ, ಸುಮಾರು ಒಂದೂವರೆ ಯೂನಿಟ್ ವಿದ್ಯುತ್ ಬೇಕು. ಐದು ಕಿಲೋವಾಟಿನ ನಿಂತ ಫಲಕಗಳು ದಿನಕ್ಕೆ ಇಪ್ಪತ್ತು ಯೂನಿಟ್ ಕೊಟ್ಟರೆ ಹದಿಮೂರು ಸಾವಿರ ಲೀಟರ್ ಬಂದೀತು. ತಿರುಗಿಸಿದರೆ ಹದಿನೈದು ಸಾವಿರ. ಇದೇ ಇಪ್ಪತ್ತು ಯೂನಿಟ್ಟುಗಳಿಂದ ನೂರು ಅಡಿಯ ಬಾವಿಯಲ್ಲಾದರೆ ಒಂದು ಲಕ್ಷ ಮೂವತ್ತು ಸಾವಿರ ಲೀಟರ್ ಎತ್ತಬಹುದು. ಫಲಕವನ್ನು ಎತ್ತ ತಿರುಗಿಸಿದರೂ ದೊರೆಯದ ಲಾಭ ನೀರು ಮೇಲೆ ಬಂದರೆ ದೊರೆಯುತ್ತದೆ. ಇನ್ನೊಂದು ರೀತಿಯಲ್ಲಿ ಹೇಳುವುದಾದರೆ, 500 ಅಡಿಯಲ್ಲಿದ್ದ ನೀರು 585 ಅಡಿಗೆ ಇಳಿದರೆ ಸಾಕು, ತಿರುಗುವ ಫಲಕವು ಗಳಿಸಿದ ಹದಿನೇಳು ಭಾಗವೂ ಬಾವಿಯ ಪಾಲಾಗುತ್ತದೆ.

ಬಿಸಿಲಿಗೆ ಬಿಲ್ಲಿಲ್ಲ. ಬಿಲ್ಲಿಲ್ಲದ ವಿದ್ಯುತ್ತಿನಿಂದ ಬೆಳಗಿನಿಂದ ಸಂಜೆಯವರೆಗೆ ಪಂಪು ಓಡಿದರೆ ನೀರು ಇನ್ನೂ ಬೇಗ ಕೆಳಗಿಳಿಯುತ್ತದೆ. ಕತ್ತಲಲ್ಲಿ ಹಾವು-ಚೇಳುಗಳ ನಡುವೆ ಸ್ವಿಚ್ಚು ಹಾಕಲು ಹೋಗುತ್ತಿದ್ದ ರೈತನಿಗೆ ಹಗಲು ಹೊತ್ತಿನ ವಿದ್ಯುತ್ತು ದೊಡ್ಡ ವರವೆಂಬುದರಲ್ಲಿ ಎರಡು ಮಾತಿಲ್ಲ. ಆದರೆ ವರವನ್ನು ಉಳಿಸಿಕೊಳ್ಳುವುದಕ್ಕೂ ಬುದ್ಧಿ ಬೇಕು. ಬೆಂಗಳೂರಿನ ಬಳಸಿದ ನೀರನ್ನು ಸಂಸ್ಕರಿಸಿ ಕೋಲಾರದ ಕೆರೆಗಳಿಗೆ ಹಾಯಿಸುವ ಕೋರಮಂಗಲ-ಚಲ್ಲಘಟ್ಟ ಕಣಿವೆ ಯೋಜನೆ 2018ರಲ್ಲಿ ಆರಂಭವಾಯಿತು. ಕೆರೆಯ ಹೂಳು ತೆಗೆಯುವುದು, ಹನಿ ನೀರಾವರಿ, ಇಂಗುಗುಂಡಿ ಇವೂ ಸೌರಶಕ್ತಿಯ ಲೆಕ್ಕದ ಹೊರಗಿನವಲ್ಲ. ಹೊರಗಿನಿಂದ ಹನಿ ನೀರಾವರಿಯ ಕೊಳವೆಗೆ ಹಾಕಿದ ಒಂದು ರೂಪಾಯಿ ಎಷ್ಟೋ ವೇಳೆ ತಿರುಗುವ ಚೌಕಟ್ಟಿಗೆ ಹಾಕಿದ ರೂಪಾಯಿಗಿಂತ ಹೆಚ್ಚು ತೋಟವನ್ನು ಹಸಿರಾಗಿಡುತ್ತದೆ.

ಆದುದರಿಂದ ತಾರಸಿಯವರು ಫಲಕವನ್ನು ನಿಂತಲ್ಲಿಯೇ ನಿಲ್ಲಿಸಿ, ಬೇಕಾದರೆ ಇನ್ನೊಂದನ್ನು ಸೇರಿಸಿ, ಧೂಳು ಒರೆಸಿಕೊಂಡು ಸುಖವಾಗಿರಬಹುದು. ತೋಟದವರು ದಿನಕ್ಕೆ ಮೂರು ಬಾರಿ ಕೈಯಿಂದ ತಿರುಗಿಸಿಕೊಳ್ಳಬಹುದು. ಯಂತ್ರದಿಂದ ತಿರುಗಿಸುವ ಕೆಲಸವನ್ನು, ಆಳುಕಾಳು ಬಂಡವಾಳಗಳಿರುವ ದೊಡ್ಡ ಸ್ಥಾವರದವರಿಗೆ ಬಿಡಬಹುದು. ಸೂರ್ಯನು ನಾಳೆಯೂ ನಂಗಲಿಯ ಘಟ್ಟದ ಮೇಲೆ ಹೊತ್ತಿಗೆ ಸರಿಯಾಗಿ ಬರುತ್ತಾನೆ; ಅವನ ವಿಷಯದಲ್ಲಿ ಯೋಚನೆಯಿಲ್ಲ. ಯೋಚಿಸಬೇಕಾದದ್ದು ಅವನ ಶಕ್ತಿಯಿಂದ ಮೇಲೆತ್ತುವ ನೀರು ಇನ್ನೆಷ್ಟು ವರ್ಷ ಬಾವಿಯಲ್ಲಿ ಉಳಿದಿರುತ್ತದೆ ಎಂಬುದನ್ನು.